ಆಸ್ಪತ್ರೆ ಕಾಟಿನ ಮೇಲೆ ವಕಾಲತ್ತಿಗೆ ಸಹಿ ಮಾಡಬೇಡಿ

ಅಪಘಾತ ಆಗಿ ಎರಡು ದಿನ ಆಗಿರಲ್ಲ, ಕಾಲಿಗೆ ಇನ್ನೂ ರಾಡ್ ಕೂಡ ಹಾಕಿರಲ್ಲ, ಅಷ್ಟರಲ್ಲಿ ವಾರ್ಡಿನ ಹೊರಗೆ ಕೂತ ಮನೆಯವರ ಹತ್ತಿರ ಯಾರೋ ಒಬ್ಬರು ಬಂದು ನಿಲ್ಲುತ್ತಾರೆ. ಮಾತು ಬಹಳ ಮೆತ್ತಗೆ. "ಅಕ್ಕಾರ, ನೀವು ಒಂದು ರೂಪಾಯಿನೂ ಕೊಡೂದ ಬ್ಯಾಡ್ರಿ. ಇಲ್ಲೊಂದು ಸಹಿ, ಇಲ್ಲೊಂದು ಸಹಿ. ಉಳದಿದ್ದೆಲ್ಲಾ ನಾವು ನೋಡ್ಕೋತೀವಿ." ಆ ಹೊತ್ತಿಗೆ ರಕ್ತ ಎಲ್ಲಿ ಸಿಗುತ್ತೆ, ಆಪರೇಷನ್‌ಗೆ ದುಡ್ಡು ಯಾರ ಹತ್ತಿರ ಕೇಳಬೇಕು ಅಂತ ತಲೆ ಕೆಟ್ಟಿರುತ್ತೆ. ಯಾರೋ ಒಬ್ಬರು ಸಹಾಯಕ್ಕೆ ಬಂದರಲ್ಲ ಅನ್ನಿಸುತ್ತೆ. ವಕಾಲತ್ತಿಗೆ, ಅಂದರೆ ನಿಮ್ಮ ಪರವಾಗಿ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದಕ್ಕೆ, ಸಹಿ ಬೀಳುತ್ತೆ. ಆಧಾರ್ ಜೆರಾಕ್ಸ್, ಕೆಲವೊಮ್ಮೆ ಬ್ಯಾಂಕ್ ಪಾಸ್‌ಬುಕ್ಕೂ ಅವರ ಕೈ ಸೇರುತ್ತೆ.

ನಾನು ಹುಬ್ಬಳ್ಳಿಯಲ್ಲಿ ವಕೀಲರ ಗುಮಾಸ್ತ. ತಿಮ್ಮಸಾಗರದ ಕೋರ್ಟಿಗೆ ದಿನಾ ಹೋಗಿ ಬರುವವನು. ನನ್ನ ಕೈಯಲ್ಲಿ ಜಾಸ್ತಿ ಓಡಾಡುವ ಫೈಲುಗಳು ಎಂವಿಸಿ ಫೈಲುಗಳು, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸುಗಳು. ಹೀಗೆ ಸಹಿ ಮಾಡಿ ಒಂದೆರಡು ವರ್ಷ ಕಾದು, ಆಮೇಲೆ "ನಮ್ಮ ಕೇಸು ಎಲ್ಲೈತ್ರಿ" ಅಂತ ಹುಡುಕಿಕೊಂಡು ಬರುವವರನ್ನು ನೋಡಿ ನೋಡಿ ಸಂಕಟ ಆಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ. ಕ್ಲೇಮು ನಿಮ್ಮದು. ಮೊದಲ ವಾರ ನೀವು ಮಾಡಬೇಕಾದ್ದು ಸಹಿಯಲ್ಲ, ಕಾಗದ ಕೂಡಿಡುವುದು. ವಕೀಲರನ್ನು ಡಿಸ್ಚಾರ್ಜ್ ಆದ ಮೇಲೆ ನೀವೇ ಹುಡುಕಿ, ಎದುರಿಗೆ ಕೂತು ಮಾತಾಡಿ, ಫೀಸು ಎಷ್ಟು ಅಂತ ಗೊತ್ತು ಮಾಡಿಕೊಂಡು ಇಟ್ಟುಕೊಳ್ಳಿ.

"ಒಂದು ರೂಪಾಯಿ ಬೇಡ" ಅನ್ನುವ ಮಾತಿನ ಹಿಂದೆ ಏನಿದೆ ಅಂದರೆ, ಬರುವ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅವರಿಗೆ. ಮೂರನೇ ಒಂದು ಭಾಗ ಕೇಳುವವರೂ ಇದ್ದಾರೆ. ಇದು ನಮ್ಮ ಕಡೆ ಎಷ್ಟು ಮಾಮೂಲಾಗಿದೆ ಅಂದರೆ ಜನ ಇದೇ ಕಾನೂನು ಅಂತ ತಿಳಿದುಕೊಂಡಿದ್ದಾರೆ. ಅಲ್ಲ. ಕೇಸಿನ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವುದನ್ನೂ, ಬಂದ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಸ್ಪಷ್ಟವಾಗಿ ಬೇಡ ಅನ್ನುತ್ತವೆ. ಏಜೆಂಟರನ್ನು ಇಟ್ಟುಕೊಂಡು ಕೇಸು ಹಿಡಿಯುವುದಕ್ಕೂ ಅವಕಾಶ ಇಲ್ಲ. ಒಳ್ಳೆಯ ವಕೀಲರು ನಮ್ಮ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಡಿಮೆ ಫೀಸಿಗೆ, ಕಂತಿನಲ್ಲಿ ಕೊಟ್ಟರೂ ಆಯಿತು ಅನ್ನುವವರೂ ಇದ್ದಾರೆ. ಅವರ್ಯಾರೂ ವಾರ್ಡಿನ ಬಾಗಿಲಲ್ಲಿ ನಿಲ್ಲುವುದಿಲ್ಲ.

ಈಗಾಗಲೇ ಸಹಿ ಮಾಡಿಬಿಟ್ಟಿದ್ದೀರಾ? ಹೆದರಬೇಡಿ. ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ಹಳೆಯ ವಕೀಲರಿಂದ ಎನ್‌ಒಸಿ, ಅಂದರೆ ತಮ್ಮ ತಕರಾರಿಲ್ಲ ಅನ್ನುವ ಪತ್ರ, ಕೇಳಿ. ಕೊಡಲ್ಲ ಅಂದರೆ ಕೋರ್ಟಿನ ಅನುಮತಿ ತೆಗೆದುಕೊಂಡು ಬೇರೆಯವರ ವಕಾಲತ್ತು ಹಾಕಬಹುದು. "ಫೀಸು ಕೊಡೋತನಕ ಫೈಲು ಕೊಡಂಗಿಲ್ಲ" ಅಂದರೆ ಅದಕ್ಕೂ ಉತ್ತರ ಇದೆ. ಫೀಸು ಬಾಕಿ ಅಂತ ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ 2000ರಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಆಸ್ಪತ್ರೆ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ನಾನು ನೋಡಿದ ಅರ್ಧಕ್ಕರ್ಧ ತೊಂದರೆ ಹುಟ್ಟುವುದೇ ಇಲ್ಲಿ.

ಕ್ಯಾಜುವಾಲ್ಟಿಯಲ್ಲಿ ಗಾಯಾಳುವನ್ನು ಸ್ಟ್ರೆಚರ್ ಮೇಲೆ ಹಾಕಿರುತ್ತಾರೆ. ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ಏನಾಯ್ತು? ಜೊತೆಗೆ ಬಂದ ಹುಡುಗ ಗಾಬರಿಯಲ್ಲಿ "ಗಾಡಿ ಮ್ಯಾಲಿಂದ ಬಿದ್ದಾರ್ರಿ" ಅಂತಾನೆ. ಅಷ್ಟೇ ಹೇಳುತ್ತಾನೆ. ಹಿಂದಿನಿಂದ ಬಂದ ಕಾರು ಗುದ್ದಿದ್ದಕ್ಕೆ ಬಿದ್ದಿದ್ದು ಅನ್ನುವ ಮಾತು ಅವನ ಬಾಯಲ್ಲಿ ಬರುವುದೇ ಇಲ್ಲ, ಅವನಿಗೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಡಾಕ್ಟರು ರಿಜಿಸ್ಟರಿನಲ್ಲಿ ತಾವಾಗಿ ಬಿದ್ದಿದ್ದು ಅಂತ ಬರೆದುಕೊಳ್ಳುತ್ತಾರೆ. ಆ ಒಂದು ಸಾಲು ಕೇಸ್ ಶೀಟಿಗೆ ಹೋಗುತ್ತೆ, ಅಲ್ಲಿಂದ ಡಿಸ್ಚಾರ್ಜ್ ಕಾರ್ಡಿಗೆ ಬರುತ್ತೆ. ವರ್ಷದ ಮೇಲೆ ಕೋರ್ಟಿನಲ್ಲಿ ಪಾಟಿ ಸವಾಲಿನ ದಿನ ವಿಮಾ ಕಂಪನಿಯ ವಕೀಲರು ಅದೇ ಸಾಲನ್ನು ಗಟ್ಟಿಯಾಗಿ ಓದುತ್ತಾರೆ. "ನೀವೇ ಸ್ಕಿಡ್ ಆಗಿ ಬಿದ್ದು, ಆಮೇಲೆ ಪರಿಹಾರಕ್ಕೋಸ್ಕರ ಈ ಕಾರನ್ನು ಸೇರಿಸಿದ್ದೀರಿ ಅಂದರೆ ಸರಿಯೇ?" ಅಲ್ಲ ಅಂತ ಹೇಳಬಹುದು. ಆದರೆ ಮೊದಲ ದಿನದ ಕಾಗದ ಬೇರೆ ಹೇಳುತ್ತಿದ್ದರೆ ಕೋರ್ಟಿಗೂ ಅನುಮಾನ ಬರುವುದು ಸಹಜ ಅಲ್ವಾ. ನಿಜವಾದ ಅಪಘಾತ, ನಿಜವಾದ ಗಾಯ, ಆದರೂ ಅರ್ಜಿ ವಜಾ ಆಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅದಕ್ಕೇ ಡಾಕ್ಟರಿಗೆ ಪೂರ್ತಿ ಹೇಳಿ. ಯಾವ ಗಾಡಿ ಗುದ್ದಿತು, ಎಲ್ಲಿ, ಎಷ್ಟು ಹೊತ್ತಿಗೆ. ನಂಬರ್ ಗೊತ್ತಿದ್ದರೆ ನಂಬರೂ ಹೇಳಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ಆಸ್ಪತ್ರೆಯವರು ಮಾಡುವ ದಾಖಲೆ) ಮಾಡಿದ್ದಾರಾ ಅಂತ ಬಾಯಿಬಿಟ್ಟು ಕೇಳಿ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಮೊದಲು ತೋರಿಸಿ ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದರೆ ಆ ಮೊದಲ ಚೀಟಿಯನ್ನೂ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಕಾರ್ಡು ಕೈಗೆ ಬಂದ ತಕ್ಷಣ ಓದಿ, ಓದಲು ಬರದಿದ್ದರೆ ಓದಿಸಿಕೊಳ್ಳಿ. ತಪ್ಪಿದ್ದರೆ ಅವತ್ತೇ ಡಾಕ್ಟರಿಗೆ ಹೇಳಿ ಸರಿ ಮಾಡಿಸಲು ನೋಡಿ.

ಪೊಲೀಸರು ಜವಾಬು ತೆಗೆದುಕೊಳ್ಳಲು ಬಂದಾಗಲೂ ಹಾಗೇ. ಅವರು ಬರೆದಿದ್ದನ್ನು ಓದಿ ಸಹಿ ಮಾಡಿ. "ಊರಾಗ ಮಾತಾಡಿ ಬಗೆಹರಿಸ್ಕೊಳ್ಳೋಣ, ಕೇಸ್ ಯಾಕ" ಅಂತ ಎದುರಿನ ಗಾಡಿಯವರು ಬಂದು ಹತ್ತು ಸಾವಿರ ಕೈಗಿಟ್ಟು ಹೋಗುತ್ತಾರೆ. ಆಮೇಲೆ ಆಪರೇಷನ್ ಖರ್ಚು ಕೈಮೀರಿದಾಗ ಇವರು ಸ್ಟೇಷನ್‌ಗೆ ಹೋಗುತ್ತಾರೆ, ಅಷ್ಟರಲ್ಲಿ ತಿಂಗಳು ಕಳೆದಿರುತ್ತೆ. ಎಫ್‌ಐಆರ್ ತಡ ಆಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮು ಬಿದ್ದು ಹೋಗುವುದಿಲ್ಲ. 2011ರಲ್ಲಿ ರವಿ ವಿರುದ್ಧ ಬದ್ರಿನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ, ಗಾಯಾಳುವಿನ ಮನೆಯವರು ಮೊದಲು ಆಸ್ಪತ್ರೆ ನೋಡುತ್ತಾರೆಯೇ ಹೊರತು ಸ್ಟೇಷನ್ ಅಲ್ಲ ಅಂತ. ಆದರೂ ತಡಕ್ಕೆ ಕಾರಣ ಕೊಡಬೇಕಾಗುತ್ತೆ, ಆ ಕಾರಣ ನಂಬುವ ಹಾಗೆ ಇರಬೇಕಾಗುತ್ತೆ.

ಚಿಕಿತ್ಸೆ ಖರ್ಚಿನ ಬಗ್ಗೆ ಒಂದು ಮಾತು, ಬಹಳ ಜನಕ್ಕೆ ಗೊತ್ತಿಲ್ಲ. 2025ರ ಮೇ ತಿಂಗಳಿಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ. ಯೋಜನೆಗೆ ಸೇರಿದ ಆಸ್ಪತ್ರೆ ಆಗಿರಬೇಕು, ಪೊಲೀಸರ ದೃಢೀಕರಣ ಬೇಕು. ಭರ್ತಿ ಮಾಡುವಾಗಲೇ ಕೇಳಿ.

ಮುಂದೆ ಕಾಲಮಿತಿ. ಮೊದಲು ಎಷ್ಟು ವರ್ಷ ಬಿಟ್ಟು ಹಾಕಿದರೂ ನಡೆಯುತ್ತಿತ್ತು. 2022ರ ಏಪ್ರಿಲ್ 1ರಿಂದ ಹಾಗಿಲ್ಲ. ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಲ್ಲಿ ಸೇರಿಸಿದ್ದಾರೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ತನಕ ಹೋಗಿವೆ, ನಿಜ. ಆದರೆ ಅದನ್ನು ನಂಬಿಕೊಂಡು ನೀವು ಕೂರಬೇಡಿ. ಕಾಲು ಮುರಿದ ಮನುಷ್ಯನಿಗೆ ಆರು ತಿಂಗಳು ಅಂದರೆ ಏನೂ ಅಲ್ಲ, ಮೂರು ತಿಂಗಳು ಹಾಸಿಗೆಯಲ್ಲೇ ಹೋಗುತ್ತೆ. ಈ ನಿಯಮ ಮಾಡಿದವರು ಹಳ್ಳಿಯ ಬಡ ಗಾಯಾಳುವನ್ನು ನೆನಪಿಸಿಕೊಂಡಿಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತೆ. ಅಪಘಾತ ಎಲ್ಲೇ ಆಗಿರಲಿ, ಅರ್ಜಿಯನ್ನು ನೀವು ವಾಸ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಗದಗದವರಿಗೆ ತುಮಕೂರಿನ ಹತ್ತಿರ ಅಪಘಾತ ಆದರೂ ಗದಗದಲ್ಲೇ ಕೇಸು ನಡೆಸಬಹುದು.

ಇನ್ನು ಹಣದ ಲೆಕ್ಕ. ಒಂದು ಉದಾಹರಣೆ ಹೇಳುತ್ತೇನೆ. ಬೆಟಗೇರಿಯಲ್ಲಿ ಕೈಮಗ್ಗದ ನೇಕಾರರು ಇದ್ದಾರಲ್ಲ, ಅವರಲ್ಲಿ ಒಬ್ಬರು ಅಂದುಕೊಳ್ಳಿ, ವಯಸ್ಸು 38, ತಿಂಗಳಿಗೆ 15,000 ಆದಾಯ. ಮೊಣಕಾಲಿನ ಕೆಳಗೆ ಎಲುಬು ಮುರಿದು ರಾಡ್ ಹಾಕಿದ್ದಾರೆ, ಕಾಲು ಪೂರ್ತಿ ಮಡಚಲು ಬರುವುದಿಲ್ಲ. ಡಾಕ್ಟರು ಆ ಕಾಲಿಗೆ 30 ಪರ್ಸೆಂಟ್ ಅಂಗವೈಕಲ್ಯ ಅಂತ ಕೊಟ್ಟಿದ್ದಾರೆ. ಸಾಮಾನ್ಯವಾಗಿ ಕೋರ್ಟಿನಲ್ಲಿ ಏನಾಗುತ್ತೆ ಅಂದರೆ ಒಂದು ಕಾಲಿನ 30 ಅನ್ನು ಇಡೀ ದೇಹಕ್ಕೆ ಮೂರನೇ ಒಂದು ಭಾಗ ಮಾಡಿ 10 ಅಂತ ಹಿಡಿಯುತ್ತಾರೆ. 15,000ವನ್ನು 12 ತಿಂಗಳಿಂದ ಗುಣಿಸಿ, ಅದನ್ನು 15ರಿಂದ ಗುಣಿಸಿ (ವಯಸ್ಸು ನೋಡಿ ಎಷ್ಟು ವರ್ಷದ ಆದಾಯ ಹಿಡಿಯಬೇಕು ಅನ್ನುವ ಸಂಖ್ಯೆಗೆ ಗುಣಕ ಅನ್ನುತ್ತಾರೆ, 36ರಿಂದ 40 ವಯಸ್ಸಿಗೆ ಅದು 15, ಇದು 2009ರ ಸರಳಾ ವರ್ಮಾ ತೀರ್ಪಿನಲ್ಲಿ ಬಂದ ಪಟ್ಟಿ), ಅದರಲ್ಲಿ 10 ಪರ್ಸೆಂಟ್ ತೆಗೆದರೆ 2,70,000 ಆಗುತ್ತೆ.

ಈಗ ಆ ನೇಕಾರರು ಮಗ್ಗಕ್ಕೆ ಕೂರುವುದನ್ನು ನೆನಪಿಸಿಕೊಳ್ಳಿ. ಕುಣಿಯೊಳಗೆ ಎರಡೂ ಕಾಲು ಇಳಿಬಿಟ್ಟು ಬೆಳಗಿಂದ ಸಂಜೆ ತನಕ ತುಳಿಯಬೇಕು. ಕೈ ಎಷ್ಟು ಚೆನ್ನಾಗಿದ್ದರೂ ಕಾಲು ಆಡದೆ ಸೀರೆ ಮುಂದಕ್ಕೆ ಹೋಗುವುದಿಲ್ಲ. ಅವರಿಗೆ ಕಳೆದುಹೋಗಿದ್ದು 10 ಪರ್ಸೆಂಟ್ ದುಡಿಮೆಯಾ? 2010ರ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ. ದೇಹಕ್ಕೆ ಆದ ಊನ ಬೇರೆ, ದುಡಿಯುವ ಶಕ್ತಿಗೆ ಆದ ನಷ್ಟ ಬೇರೆ. ಎಡಗೈ ಹೋದರೆ ಗುಮಾಸ್ತನ ಕೆಲಸ ಉಳಿಯಬಹುದು, ಡ್ರೈವರ್ ಅಥವಾ ಬಡಿಗನ ಕೆಲಸ ಹೋಗಿಯೇ ಹೋಗುತ್ತೆ. ಹಾಗಾಗಿ ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಅಂತ ಕೋರ್ಟು ನೋಡಬೇಕು. ಇದೇ ನೇಕಾರರ ವಿಷಯದಲ್ಲಿ ದುಡಿಮೆ ನಷ್ಟ 30 ಪರ್ಸೆಂಟ್ ಅಂತ ತೋರಿಸಲು ಆದರೆ ಮೊತ್ತ 8,10,000 ಆಗುತ್ತೆ. ಕಾಲು ಅದೇ, ಎಕ್ಸ್‌ರೇ ಅದೇ.

ಆದರೆ ಇದನ್ನು ಯಾರಾದರೂ ಕೋರ್ಟಿನ ಮುಂದೆ ಇಡಬೇಕಲ್ಲ. ಡಾಕ್ಟರು ಸಾಕ್ಷಿ ಹೇಳಲು ಬಂದಾಗ "ಇವರು ಮಗ್ಗ ತುಳಿಯಬಲ್ಲರೇ" ಅನ್ನುವ ಪ್ರಶ್ನೆ ಕೇಳಬೇಕು. ನೇಕಾರರ ಗುರುತಿನ ಚೀಟಿ, ಸಂಘದಿಂದ ಕೂಲಿ ಪಡೆದ ಪುಸ್ತಕ ಹಾಜರು ಮಾಡಬೇಕು. ವಾರ್ಡಿನಲ್ಲಿ ಸಹಿ ಹಾಕಿಸಿಕೊಂಡು ಹೋದವರು ನಿಮ್ಮ ಕೆಲಸ ಏನು ಅಂತಲೇ ಕೇಳಿರುವುದಿಲ್ಲ. ಅರ್ಜಿಯಲ್ಲಿ "ಕೂಲಿ" ಅಂತ ಬರೆದಿರುತ್ತಾರೆ. ಎಲ್ಲರಿಗೂ ಕೂಲಿ.

ಹೆಣ್ಣುಮಕ್ಕಳ ಅರ್ಜಿ ಇನ್ನೂ ಮೋಸ. "ಮನೆಗೆಲಸ" ಅಂತ ಒಂದೇ ಪದ. ಹುಬ್ಬಳ್ಳಿಯ ಒಬ್ಬ ಅಕ್ಕ ದಿನಾ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದರು. ಆಟೋ ಪಲ್ಟಿಯಾಗಿ ಬಲಗೈ ಮಣಿಕಟ್ಟು ಮುರಿಯಿತು. ಕೈ ಕೂಡಿತು, ಆದರೆ ಹಿಟ್ಟು ನಾದುವಾಗ, ಬಡಿಯುವಾಗ ಮಣಿಕಟ್ಟಿಗೆ ಮೊದಲಿನ ಬಲ ಇಲ್ಲ. ನಮ್ಮ ವಕೀಲರು ಕೇಳಿದ ಮೇಲೆ ಅವರು ಖಾನಾವಳಿಯವರ ಲೆಕ್ಕದ ನೋಟ್‌ಬುಕ್ ತಂದರು, ದಿನಕ್ಕೆ ಎಷ್ಟು ರೊಟ್ಟಿ ಅಂತ ಪೆನ್ನಿನಲ್ಲಿ ಬರೆದಿದ್ದು, ಅಂಚಿನಲ್ಲಿ ಎಣ್ಣೆ ಕಲೆ. ಅದರ ಜೊತೆ ಫೋನ್‌ಪೇಯಲ್ಲಿ ಬಂದ ಹಣದ ಬ್ಯಾಂಕ್ ಸ್ಟೇಟ್‌ಮೆಂಟ್. ಎರಡೂ ಕಡೆ ಲೆಕ್ಕ ತಾಳೆ ಆಯಿತು. ಅದು ಆದಾಯದ ಸಾಕ್ಷಿ. ಇನ್ನು ಹೊರಗೆ ಏನೂ ದುಡಿಯದೆ ಮನೆ ನೋಡಿಕೊಂಡವರಿಗೂ ಆದಾಯ ಲೆಕ್ಕ ಹಾಕಲೇಬೇಕು, ಮನೆಯೊಳಗಿನ ದುಡಿಮೆಗೆ ಬೆಲೆ ಇದೆ ಅಂತ 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹಳ ವಿವರವಾಗಿ ಬರೆದಿದೆ.

ಬಿಲ್ಲುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಔಷಧಿ ಅಂಗಡಿಯ ಚೀಟಿ, ಸ್ಕ್ಯಾನಿಂಗ್, ಎಕ್ಸ್‌ರೇ ಫಿಲಂ, ಫಿಜಿಯೋಥೆರಪಿ, ಊರಿಂದ ಆಸ್ಪತ್ರೆಗೆ ಬಾಡಿಗೆ ಗಾಡಿ ಮಾಡಿಕೊಂಡು ಬಂದ ರಸೀದಿ, ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ಥರ್ಮಲ್ ಕಾಗದದ ಬಿಲ್ಲು ಕೆಲವು ತಿಂಗಳಲ್ಲಿ ಬಿಳಿಯಾಗಿ ಹೋಗುತ್ತೆ, ತಕ್ಷಣ ಜೆರಾಕ್ಸ್ ಮಾಡಿಸಿ ಅದರ ಹಿಂದೆ ಪಿನ್ ಮಾಡಿ.

ಕೆಲವೊಮ್ಮೆ ವಿಮಾ ಕಂಪನಿಯವರೇ ಮುಂದೆ ಬಂದು ರಾಜಿ ಮೊತ್ತ ಹೇಳುತ್ತಾರೆ. ತಪ್ಪೇನಿಲ್ಲ. ಯಾರ ತಪ್ಪು ಅಂತ ನೋಡದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಅಂತ ಅದೇ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿದೆ, ಎಲುಬು ಮುರಿದರೆ ಅದು ತೀವ್ರ ಗಾಯವೇ. ಬೇಗ ಸಿಗುತ್ತೆ ಅನ್ನುವುದು ಅದರ ಅನುಕೂಲ. ಆದರೆ ಕಂಪನಿ ಮುಂದಿಟ್ಟ ಆ ಮೊತ್ತಕ್ಕೆ ಒಪ್ಪಿ ಹಣ ತೆಗೆದುಕೊಂಡರೆ ಟ್ರಿಬ್ಯೂನಲ್‌ನಲ್ಲಿ, ಅಂದರೆ ಅಪಘಾತ ಪರಿಹಾರದ ಕೋರ್ಟಿನಲ್ಲಿ, ಇರುವ ನಿಮ್ಮ ಅರ್ಜಿ ಅಲ್ಲಿಗೆ ಮುಗಿಯುತ್ತೆ. ಮೇಲಿನ ನೇಕಾರರ ಲೆಕ್ಕ ಇನ್ನೊಮ್ಮೆ ನೋಡಿ, ಆಮೇಲೆ ಒಪ್ಪಬೇಕೋ ಬೇಡವೋ ನಿರ್ಧಾರ ಮಾಡಿ.

"ನಮ್ಮ ಗಾಡಿ ಡ್ರೈವರ್‌ದ ತಪ್ಪರಿ, ನಮಗೇನು ಬರ್ತೈತಿ" ಅಂತ ಸುಮ್ನೆ ಕೂರುವವರೂ ಇದ್ದಾರೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ ನಿಂತ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜನ ಹೋದರು. ಅದಕ್ಕೂ ಮುಂಚೆ, 2021ರ ಜನವರಿ 15ರಂದು ಧಾರವಾಡ ಬೈಪಾಸಿನ ಇಟಿಗಟ್ಟಿ ಹತ್ತಿರ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹೆಣ್ಣುಮಕ್ಕಳ ಗಾಡಿಗೆ ಆದ ಅಪಘಾತವನ್ನು ಯಾರೂ ಮರೆತಿಲ್ಲ. ಇಂಥ ಅಪಘಾತದಲ್ಲಿ ಒಳಗೆ ಕೂತ ಪ್ರಯಾಣಿಕರದ್ದು ಏನು ತಪ್ಪು? ಎರಡು ಗಾಡಿಯವರದ್ದೂ ತಪ್ಪಿದ್ದರೆ ಪ್ರಯಾಣಿಕರು ಇಬ್ಬರ ಮೇಲೂ ಅಥವಾ ಒಬ್ಬರ ಮೇಲೆಯೇ ಪೂರ್ತಿ ಮೊತ್ತಕ್ಕೆ ಅರ್ಜಿ ಹಾಕಬಹುದು, ಅವರವರ ಪಾಲನ್ನು ಅವರವರು ಆಮೇಲೆ ನೋಡಿಕೊಳ್ಳಲಿ ಅಂತ 2015ರಲ್ಲಿ ಖೆನ್ಯೆಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾತ್ರಿ ರಸ್ತೆ ಮೇಲೆ ಲೈಟಿಲ್ಲದೆ ಲಾರಿ ನಿಲ್ಲಿಸುವುದು ಸಣ್ಣ ತಪ್ಪಲ್ಲ. ಸ್ಥಳದ ಪಂಚನಾಮೆ ಮತ್ತು ನಕ್ಷೆಯಲ್ಲಿ ಲಾರಿ ಎಲ್ಲಿ ನಿಂತಿತ್ತು ಅನ್ನುವುದು ಬಂದಿದೆಯಾ ನೋಡಿ.

ನನಗೆ ಬಹಳ ನೋವು ಕೊಡುವುದು ಟ್ರ್ಯಾಕ್ಟರ್ ಕೇಸುಗಳು. ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ ಹಂಗಾಮಿನಲ್ಲಿ ಟ್ರೇಲರಿನಲ್ಲಿ, ಗೂಡ್ಸ್ ಗಾಡಿಯಲ್ಲಿ ಜನ ನಿಂತುಕೊಂಡೇ ಹೊಲಕ್ಕೆ ಹೋಗುತ್ತಾರೆ. ಪಲ್ಟಿಯಾದರೆ ವಿಮಾ ಕಂಪನಿಯವರು ಮೊದಲು ಎತ್ತುವ ತಕರಾರು, ಇದು ಜನರನ್ನು ಸಾಗಿಸುವ ಗಾಡಿಯಲ್ಲ, ನಮಗೆ ಸಂಬಂಧ ಇಲ್ಲ ಅಂತ. ಬಹಳ ಸಲ ಆ ತಕರಾರು ನಿಲ್ಲುತ್ತೆ. ಆಗ ಟ್ರ್ಯಾಕ್ಟರ್ ಮಾಲೀಕರೇ ಕೊಡಬೇಕು, ಅವರೂ ಅದೇ ಊರಿನ ಸಣ್ಣ ರೈತರು, ಕೊಡಲು ಅವರ ಹತ್ತಿರ ಇರುವುದಿಲ್ಲ. ಟ್ರ್ಯಾಕ್ಟರ್ ಇರುವ ಅಣ್ಣಂದಿರಿಗೆ ಕೈ ಮುಗಿದು ಕೇಳುತ್ತೇನೆ, ಆಳುಗಳನ್ನು ಕರೆದೊಯ್ಯಲು ಒಂದು ಪ್ಯಾಸೆಂಜರ್ ಗಾಡಿ ಮಾಡಿ. ನಿಮ್ಮ ಪಾಲಿಸಿಯಲ್ಲಿ ಯಾರ್ಯಾರಿಗೆ ರಕ್ಷಣೆ ಇದೆ ಅಂತ ಹಂಗಾಮು ಶುರುವಾಗುವ ಮುಂಚೆ ಓದಿಸಿ.

ಗುದ್ದಿದ ಗಾಡಿ ಯಾವುದು ಅಂತಲೇ ಸಿಗದಿದ್ದರೂ ಒಂದು ದಾರಿ ಇದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಕೊಡುವ ಯೋಜನೆ 2022ರಿಂದ ಜಾರಿಯಲ್ಲಿದೆ, ಅರ್ಜಿಯನ್ನು ತಹಶೀಲ್ದಾರ್ ಅಥವಾ ಉಪವಿಭಾಗದ ಅಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸರ್ಕಾರಿ ಬಸ್ಸಾದರೆ ಅರ್ಜಿ ಸಾರಿಗೆ ಸಂಸ್ಥೆಯ ಮೇಲೆಯೇ.

ಫೀಸಿಗೆ ನಿಜವಾಗಿಯೂ ದಾರಿ ಇಲ್ಲದವರು 15100ಕ್ಕೆ ಫೋನ್ ಮಾಡಿ, ಇಲ್ಲ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಇದೆ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದೆ ಅಂತ ನೋಡದೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಗಂಡ ತೀರಿಕೊಂಡು ಮಕ್ಕಳನ್ನು ಕಟ್ಟಿಕೊಂಡು ಬರುವ ತಂಗಿಯರಿಗೆ ಇದು ಗೊತ್ತಿದ್ದರೆ ಪಾಲಿನ ಕರಾರಿಗೆ ಬೀಳುವ ಅಗತ್ಯವೇ ಇಲ್ಲ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಹಣ ಬೇಗ ಬರುತ್ತೆ, ಆದರೆ ಅದರ ಮೇಲೆ ಅಪೀಲು ಇಲ್ಲ. ಮೊತ್ತ ಎಷ್ಟು ಅಂತ ನಿಮಗೆ ಬಾಯಿಪಾಠ ಆಗುವ ತನಕ ಸಹಿ ಮಾಡಬೇಡಿ. ಪೂರ್ತಿ ವಿಚಾರಣೆ ಆಗಿ ತೀರ್ಪು ಬಂದರೆ ಅವತ್ತೇ ಅದರ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ, ಯಾಕಂದರೆ ಮೊತ್ತ ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. ನಮ್ಮವರಿಗೆ ಅದಕ್ಕೆ ಬೆಂಗಳೂರಿಗೆ ಹೋಗುವ ಕಷ್ಟ ಇಲ್ಲ, ಧಾರವಾಡದ ಪೀಠ 2013ರಿಂದ ಕಾಯಂ ಆಗಿದೆ. ಅಪೀಲಿನಲ್ಲಿ ಮೊತ್ತ ಹೆಚ್ಚಾದ ಫೈಲುಗಳು ನಮ್ಮ ಕಪಾಟಿನಲ್ಲೇ ಸಾಕಷ್ಟಿವೆ. ಮತ್ತೆ ಹಣ ಬರುವಾಗ ಅದು ನಿಮ್ಮ ಹೆಸರಿನ ಖಾತೆಗೇ ಬರಬೇಕು. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಹಿ ಮಾಡಿದ ಖಾಲಿ ಚೆಕ್ಕು ಯಾರ ಕೈಗೂ ಕೊಡಬೇಡಿ. ಒಂದಷ್ಟು ಹಣವನ್ನು ಕೋರ್ಟು ಎಫ್‌ಡಿ ಇಡಿಸುತ್ತೆ, ಬಡ್ಡಿ ನಿಮಗೆ ಬರುತ್ತಿರುತ್ತೆ. ನಡುವೆ ಇನ್ನೊಂದು ಆಪರೇಷನ್ ಬಂತು, ಮಕ್ಕಳ ಫೀಸು ಬಂತು ಅಂದರೆ ಕಾರಣ ತೋರಿಸಿ ಅದೇ ಕೋರ್ಟಿಗೆ ಅರ್ಜಿ ಹಾಕಿ, ಎಫ್‌ಡಿ ಮುರಿಯಲು ಅನುಮತಿ ಕೇಳಬಹುದು.